ಬಿದಿರಿನಲ್ಲಿ ಕಡೆದ ಚಹಾ

ಮುಂಡಗೋಡಕ್ಕೆ ವರ್ಗವಾಗಿ ಬಂದು ಸಾಮಾನಿನ ಗಂಟು ಬಿಚ್ಚುವ ಮೊದಲೇ ಎದುರುಮನೆಯ ಅಜ್ಜಿ ನನ್ನನ್ನು ಚಹಾಕ್ಕೆ ಕರೆದರು. ನಾನು ಹಳಿಯಾಳದವಳು, ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಟಿಬೆಟಿಯನ್ ಕ್ಯಾಂಪಿನ ಕಡೆ ಹೋಗುವ ರಸ್ತೆಯಲ್ಲಿ ಬಾಡಿಗೆಗೊಂದು ಮನೆ ಸಿಕ್ಕಿತ್ತು. ರಸ್ತೆ ದಾಟಿದರೆ ಆ ಅಜ್ಜಿಯ ಮನೆ. ಪಾದ ಮುಚ್ಚುವ ಉಡುಪು, ಅದರ ಮುಂದೆ ಬಣ್ಣದ ಪಟ್ಟೆಗಳ ಬಟ್ಟೆ, ಕೈಯಲ್ಲಿ ಜಪಮಾಲೆ. ಅವರ ಭಾಷೆ ನನಗೆ ತಿಳಿಯುವುದಿಲ್ಲವಲ್ಲ, ಕೈಸನ್ನೆಯಲ್ಲೇ ಮಾತಾಡಬೇಕಾದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವರು ಅಪ್ಪಟ ಹುಬ್ಬಳ್ಳಿ ಪೇಟೆಯ ಕನ್ನಡದಲ್ಲಿ ಕೂಗಿದರು.

“ಅಕ್ಕೋರ, ಗಂಟು ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ಚಾ ಕುಡೀ ಬರ್ರಿ!”

ಹರೆಯದಿಂದ ಹಿಡಿದು ಮೊನ್ನೆ ಮೊನ್ನೆಯವರೆಗೂ ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಸ್ವೆಟರ್ ಮಾರಿದವರಂತೆ. ಕನ್ನಡವನ್ನು ಅಲ್ಲೇ ಕಲಿತದ್ದು. ಈಗ ಮೊಮ್ಮಗಳ ಜೊತೆ ಇದ್ದರು. ಅವಳು ದವಾಖಾನೆಯಲ್ಲಿ ನರ್ಸ್. ಅವಳು ಅಜ್ಜಿಯನ್ನು ‘ಮೋಮೋಲಾ’ ಎಂದು ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜಿ ಎಂದರೆ ಹಾಗೆಯೇ. ನಾನೂ ಅದನ್ನೇ ಹಿಡಿದುಕೊಂಡೆ.

ಮುಚ್ಚಳವಿದ್ದ ದೊಡ್ಡ ಪಿಂಗಾಣಿ ಬಟ್ಟಲು ನನ್ನ ಮುಂದೆ ಬಂತು. ಬಣ್ಣ ನಮ್ಮ ಹಾಲಿನ ಚಹಾದ್ದೇ, ತುಸು ಕೆಂಪು ಕಡಿಮೆ. ದಾರಿಯ ದಣಿವಿಗೆ ನಾಲಿಗೆ ಸಕ್ಕರೆ ಬೇಡುತ್ತಿತ್ತು. ಗುಟುಕು ಬಾಯಿಗೆ ಹೋದದ್ದೇ ತಡ, ಉಪ್ಪು! ಹಿಂದೆಯೇ ಬೆಣ್ಣೆ! ನುಂಗಲೋ ಬೇಡವೋ ಎಂದು ಬಾಯಿ ಮುಚ್ಚಿ ಕೂತೆ. ಮೋಮೋಲಾ ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿದೆ. ಇದು ಚಹಾ ಅಲ್ಲ, ಯಾವುದೋ ಹೊಸ ಸಾರು ಎಂದು ಮನಸ್ಸಿಗೆ ಹೇಳಿಕೊಂಡು ಇನ್ನೊಂದು ಗುಟುಕು ಕುಡಿದೆ. ಆಶ್ಚರ್ಯವೆಂದರೆ ರುಚಿ ಹಿಡಿಸಿಬಿಟ್ಟಿತು. ಎದೆಯ ಒಳಗೆಲ್ಲ ಬೆಚ್ಚಗಾಯಿತು. ಬಟ್ಟಲು ಕೆಳಗಿಡುವುದರೊಳಗೆ ಅವರು ಮತ್ತೆ ತುಂಬಿಸಿದರು.

ಅಂದು ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿದೆ.

“ಚಾದಾಗ ಉಪ್ಪ? ಮರತ ಹಾಕಿರಬೇಕ ತಗೀ.”

“ಮರತಿಲ್ಲವಾ. ಬೇಕಂತ ಹಾಕ್ತಾರ. ಬೆಣ್ಣಿನೂ ಹಾಕ್ತಾರ.”

“ಬೆಣ್ಣೀನ?” ಅವ್ವನ ದನಿ ಏರಿತು. “ಏ ಇವರಽ, ಕೇಳಿದ್ರೇನು? ನಿಮ್ಮ ಮಗಳು ಬೆಣ್ಣಿ ಹಾಕಿದ ಚಾ ಕುಡದಾಳಂತ!” ಅಪ್ಪನಿಗೆ ಕೂಗಿ ಹೇಳಿ ಮತ್ತೆ ನನ್ನ ಕಡೆ ತಿರುಗಿದಳು. “ನಾನು ಬಂದ ನೋಡಾಕಿನ.”

ಅವ್ವನಿಗೆ ಚಹಾ ಎಂದರೆ ಸಣ್ಣ ವಿಷಯವಲ್ಲ. ನಮ್ಮ ಮನೆಯಲ್ಲಿ ಎಮ್ಮೆಯ ಹಾಲು, ಧಾರಾಳ ಸಕ್ಕರೆ, ಜಜ್ಜಿದ ಶುಂಠಿ. ಉಕ್ಕಿ ಬಂದದ್ದನ್ನು ಇಳಿಸಿ, ಮತ್ತೆ ಉಕ್ಕಿಸಿ, ಅರಿವೆಯಲ್ಲಿ ಸೋಸಿ, ಕಪ್ಪಿನ ಜೊತೆ ಬಸಿ ಇಟ್ಟು ಕೊಡಬೇಕು. ಬಸಿಗೆ ಸುರಿದುಕೊಂಡು ಊದಿ ಸೊರ್ರೆಂದು ಕುಡಿಯದೆ ಕಪ್ಪಿನಿಂದಲೇ ಕುಡಿಯುವವರನ್ನು ಕಂಡರೆ ಅವಳಿಗೆ ಒಂಥರಾ ಅನುಮಾನ. ಅಪ್ಪ ಲಿಂಗಪೂಜೆ ಮುಗಿಸಿ ಏಳುವುದಕ್ಕೂ ಬಸಿಯಲ್ಲಿ ಹಬೆ ಏಳುವುದಕ್ಕೂ ಸರಿಹೋಗಬೇಕು. ಮನೆಗೆ ಬಂದವರು ಚಹಾ ಕುಡಿಯದೆ ಹೋದರೆ ದಿನವಿಡೀ ಅವಳ ಮುಖ ಬಾಡಿರುತ್ತಿತ್ತು. ಅಂಥವಳಿಗೆ ನನ್ನ ಫೋನು ನಿದ್ದೆ ಕೆಡಿಸಿರಬೇಕು. ಆ ವಾರ ಕಳೆಯುವುದರೊಳಗೆ ಬಸ್ಸಿನಿಂದ ಇಳಿದೇಬಿಟ್ಟಳು.

ಮೋಮೋಲಾ ಅವರ ಮನೆಯ ಹೊಸ್ತಿಲಲ್ಲಿ ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. “ಅವರು ಮಾಂಸ ತಿನ್ನವರಲ್ಲ? ಬೋಗೋಣಿ...” ಎಂದು ಪಿಸುಗುಟ್ಟಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮೋಮೋಲಾರ ಕಿವಿ ಚುರುಕು. ಒಳಗಿನಿಂದಲೇ ಒಂದು ಪಾತ್ರೆ ಎತ್ತಿ ತೋರಿಸಿದರು.

“ಇದು ಚಾಕ್ಕಷ್ಟ ಇಟ್ಟದ್ದು ತಂಗಿ. ಇದರಾಗ ಬ್ಯಾರೆ ಏನೂ ಬೇಯಿಸೂದಿಲ್ಲ. ಬುದ್ಧನ ಹಬ್ಬದ ತಿಂಗಳದಾಗ ನಾವೂ ಮಾಂಸ ಮುಟ್ಟೂದಿಲ್ಲ. ಬರ್ರಿ, ಕುಂದರ್ರಿ.”

ಅವ್ವನಿಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. “ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ” ಎಂದು ಹೋಗಿ ಅವರ ಪಕ್ಕದಲ್ಲೇ ಕೂತಳು.

ಮುಂದಿನದನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೊಟ್ಟದ್ದನ್ನು ಪೂರ್ತಿ ಕುಡಿಯುವುದು ಮರ್ಯಾದೆ ಎಂದು ಅವ್ವ ಬಲವಾಗಿ ನಂಬಿದವಳು. ಕಣ್ಣು ಮುಚ್ಚಿ ಬಟ್ಟಲು ಖಾಲಿ ಮಾಡಿದಳು. ಮೋಮೋಲಾ ತುಂಬಿಸಿದರು. ಅವ್ವ ಮತ್ತೆ ಖಾಲಿ ಮಾಡಿದಳು. ಅವರು ಮತ್ತೆ ತುಂಬಿಸಿದರು. ಬಂದವರ ಬಟ್ಟಲು ಬರಿದಾಗಲು ಬಿಡುವುದು ಅವರಲ್ಲಿ ಅವಮರ್ಯಾದೆ; ಕೊಟ್ಟದ್ದನ್ನು ಉಳಿಸುವುದು ನಮ್ಮಲ್ಲಿ ಅವಮರ್ಯಾದೆ. ಇಬ್ಬರೂ ಸೋಲುವವರಲ್ಲ. ಅವ್ವನ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಮೋಮೋಲಾ ಮಾತ್ರ, ಇಷ್ಟು ಪ್ರೀತಿಯಿಂದ ಕುಡಿಯುವವರನ್ನು ನಾನು ಕಂಡೇ ಇಲ್ಲ ಎಂಬ ಸಂಭ್ರಮದಲ್ಲಿ ಒಳಗೆ ಹೋಗಿ ಇನ್ನಷ್ಟು ಚಹಾ ತಂದರು.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಮೊಮ್ಮಗಳು ಅವ್ವನ ಮುಖ ನೋಡಿದಳು, ಬಟ್ಟಲು ನೋಡಿದಳು, ನಕ್ಕುಬಿಟ್ಟಳು.

“ಆಂಟಿ, ಸಾಕಂದ್ರ ತುಂಬಿದ ಬಟ್ಟಲ ಹಂಗ ಇಟ್ಟಬಿಡ್ರಿ. ಹೊಂಟ ನಿಂತಾಗ ಅಷ್ಟ ಕುಡದ ಮುಗಸ್ಬೇಕ್ರಿ. ನೀವು ಖಾಲಿ ಮಾಡಿದ್ರ ಮೋಮೋಲಾ ರಾತ್ರಿಮಟ ಹಾಕ್ತಾರ!”

“ಅಯ್ಯ ಶಿವನ!” ಅವ್ವ ಬಟ್ಟಲನ್ನು ದೂರ ಸರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಿಷಯ ತಿಳಿದ ಮೋಮೋಲಾ ಕಣ್ಣೀರು ಒರೆಸಿಕೊಂಡು ನಕ್ಕರು. ಅಲ್ಲಿಗೆ ಅವರಿಬ್ಬರೂ ಗೆಳತಿಯರಾದರು.

ಬೇಡ ಬೇಡವೆಂದರೂ ಅವ್ವ ಅಡುಗೆಮನೆಗೆ ಹೋಗಿ ನಿಂತಳು. ಬೆಣ್ಣೆ ಚಹಾದೊಳಗೆ ಹೇಗೆ ಬೆರೆಯುತ್ತದೆ ಎಂದು ನೋಡದೆ ಊರಿಗೆ ಹೋಗುವಂತಿರಲಿಲ್ಲ. ಮೋಮೋಲಾ ಇಟ್ಟಿಗೆಯಂತೆ ಒತ್ತಿದ ಚಹಾಪುಡಿಯ ಗಟ್ಟಿಯಿಂದ ಒಂದು ಚೂರು ಮುರಿದು ಕುದಿಸಿ, ಸೋಸಿ, ಉಪ್ಪು, ಬೆಣ್ಣೆ, ಒಂಚೂರು ಹಾಲು ಸೇರಿಸಿ ಮಿಕ್ಸರಿಗೆ ಹಾಕಿದರು. ಮಿಕ್ಸರ್ ಗರ್ರೆಂದಿತು.

“ಮಿಕ್ಸರದಾಗ ಚಾ?” ಅವ್ವನಿಗೆ ಇದು ಉಪ್ಪಿಗಿಂತ ದೊಡ್ಡ ಆಘಾತ.

ಮೋಮೋಲಾ ಹಿತ್ತಲ ಬಾಗಿಲ ಕಡೆ ಕೈ ತೋರಿಸಿದರು. ಗೋಡೆಗೆ ಒರಗಿಸಿದ್ದ ಉದ್ದನೆಯ ಮರದ ಕೊಳವೆ, ಹಿತ್ತಾಳೆಯ ಕಟ್ಟು, ಒಳಗೆ ಮೇಲೆ ಕೆಳಗೆ ಆಡಿಸುವ ಕೋಲು. ಅದಕ್ಕೆ ದೋಂಗ್ಮೋ ಎನ್ನುತ್ತಾರೆ. ಕ್ಯಾಂಪ್ ಹುಟ್ಟಿದ ಹೊಸದರಲ್ಲಿ ಅವರ ತಾಯಿ ಮಾಡಿಸಿಕೊಂಡದ್ದಂತೆ. ಕಳೆದ ಮಳೆಗಾಲದಲ್ಲಿ ಗೆದ್ದಲು ತಳವನ್ನೆಲ್ಲ ತಿಂದು ಹಾಕಿತ್ತು. ಅವ್ವ ಬಗ್ಗಿ ಒಳಗೆ ಇಣುಕಿದಳು, ಕೋಲು ಎಳೆದು ನೋಡಿದಳು.

“ಇದು ನಮ್ಮ ಕಡಗೋಲ! ನಾವು ಮಜ್ಜಿಗಿ ಕಡದಂಗ ನೀವು ಚಾ ಕಡೀತೀರಿ!”

“ಹೌದ ತಂಗಿ. ಮಿಕ್ಸರದಾಗ ಬೆಣ್ಣಿ ಕೂಡತೈತಿ ಖರೆ, ಆದ್ರ ಆ ಸಪ್ಪಳ ಇಲ್ಲ. ಮುಂಜಾನೆದ್ದ ಕೂಡಲೇ ನಮ್ಮವ್ವ ಕಡ್ಯೂ ಸಪ್ಪಳಕ್ಕ ನಮಗ ಎಚ್ಚರಾಗ್ತಿತ್ತು. ಲೋಸಾರ್ ಬಂತು. ಹಬ್ಬದ ದಿನಾನೂ ಇದ ಗರ್ ಗರ್.” ಲೋಸಾರ್ ಎಂದರೆ ಅವರ ಹೊಸ ವರ್ಷ.

“ಇನ್ನೊಂದ ತರಸ್ಬೇಕಾಗಿತ್ತು.”

“ದೂರದಿಂದ ಬರ್ಬೇಕು. ಬರೂದ್ರಾಗ ಹಬ್ಬ ಮುಗದಿರ್ತೈತಿ.”

ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಅವಳು ಹಾಗೆ ನಿಂತರೆ ಏನೋ ಒಂದು ನಡೆದೇ ನಡೆಯುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

“ಜೋಯಿಡಾದ ಕಾಕಾ ಮಾಡ್ತಾನ” ಎಂದಳು.

ಜೋಯಿಡಾ ಕಡೆಯ ಹಳ್ಳಿಯೊಂದರ ಕುಣಬಿ ಜನಾಂಗದ ಗಂಡ ಹೆಂಡತಿ ಹಳಿಯಾಳದ ಸಂತೆಗೆ ಬುಟ್ಟಿ, ಮೊರ ತರುತ್ತಿದ್ದರು. ನಾನು ಸಣ್ಣವಳಿದ್ದಾಗಿನಿಂದ ಅವರನ್ನು ಕಾಕಾ, ಕಾಕು ಎಂದೇ ಕರೆಯುವುದು. ಸಂತೆ ಮುಗಿಸಿ ಹೋಗುವಾಗ ಅವ್ವನ ಚಹಾ ಕುಡಿದೇ ಹೋಗುತ್ತಿದ್ದರು.

“ಅವರು ಬಿದರಿನವರಲ್ಲವಾ. ಇದು ಕಟ್ಟಿಗಿದು” ಎಂದೆ.

“ಬಿದರೂ ಕೊಳವಿನ ಅಲ್ಲೇನ? ದೇವರು ಮೊದಲ ಕೊರದ ಇಟ್ಟಾನ!”

ಮೋಮೋಲಾ ಜಪಮಾಲೆ ನಿಲ್ಲಿಸಿ ಅವ್ವನನ್ನೇ ನೋಡಿದರು. ಬಿದಿರು ಬೆಳೆಯುವ ಸೀಮೆಯಲ್ಲಿ ಹಿಂದೆ ಬಿದಿರಿನಲ್ಲೂ ಮಾಡುತ್ತಿದ್ದರಂತೆ ಎಂದು ಯಾರೋ ಹಿರಿಯರು ಹೇಳಿದ್ದು ಅವರಿಗೆ ನೆನಪಾಯಿತು. ಸರಿ, ಅಲ್ಲಿಗೆ ತೀರ್ಮಾನವಾಯಿತು.

ಅವ್ವ ಮೊದಲೇ ಊರಿಗೆ ಮರಳಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ಮೋಮೋಲಾರನ್ನು ಕರೆದುಕೊಂಡು ಹಳಿಯಾಳಕ್ಕೆ ಹೊರಟೆ. ಅವರ ಚೀಲದಲ್ಲಿ ಚಹಾಗಟ್ಟಿ, ಉಪ್ಪು, ಡಬ್ಬಿಯಲ್ಲಿ ಬೆಣ್ಣೆ, ಹಳೆಯ ದೋಂಗ್ಮೋದ ಕೋಲು. ಕೋಲನ್ನು ಬಸ್ಸಿನಲ್ಲಿ ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದರು. ಪಕ್ಕದವರು ಏನದು ಎಂದು ಕೇಳಿದರೆ “ಚಾ ಕಡ್ಯೂದು” ಎನ್ನುತ್ತಿದ್ದರು. ಕೇಳಿದವರು ಇನ್ನೊಮ್ಮೆ ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಅವರಿಗೆ ಬಸಿಯ ಪಾಠ ಮಾಡಿದಳು. ಸುರಿಯುವುದು ಸುಲಭ, ತುಂಬಿದ ಬಸಿಯನ್ನು ಅಲುಗಿಸದೆ ತುಟಿಗೆ ಒಯ್ಯುವುದೇ ಕಷ್ಟ. ಮೊದಲನೆಯದು ಅವರ ಉಡುಪಿನ ಮೇಲೆ ಹೋಯಿತು. ಅಪ್ಪ ಗಂಭೀರವಾಗಿ, “ಬೆರಳು ಕೆಳಗ ಹಿಡೀರಿ, ಹೆಬ್ಬೆರಳು ಅಂಚಿಗಿ, ಹಾಂ” ಎಂದು ತೋರಿಸಿದ. ಆಮೇಲೆ ಮೋಮೋಲಾ ಸೊರ್ರೆಂದು ಎಳೆದ ಸದ್ದಿಗೆ ಅವ್ವ ಕೈ ತಟ್ಟಿದಳು. “ಭಾಳ ಸಿಹಿ” ಎಂದು ಮುಖ ಹಿಂಡಿದರೂ ಇನ್ನೊಂದು ಬಸಿ ಹಾಕಿಸಿಕೊಂಡರು.

ಅಣ್ಣ ಜೀಪು ತಂದು ನಿಲ್ಲಿಸಿದ. ದಾಂಡೇಲಿಗೆ ಹಕ್ಕಿ ನೋಡಲು, ಕಾಳಿ ನದಿಯಲ್ಲಿ ತೆಪ್ಪ ಇಳಿಯಲು ಬರುವ ಪ್ರವಾಸಿಗರನ್ನು ಓಡಾಡಿಸುವುದು ಅವನ ಕೆಲಸ. ಎಲ್ಲಿಗೆ, ಯಾಕೆ ಎಂದು ಕೇಳಿದ ಮೇಲೆ ಅವನಿಗೂ ಹುರುಪು ಬಂತು. ಸ್ಟೇರಿಂಗ್ ಹಿಡಿದದ್ದೇ ಬಾಯಿ ಬಿಚ್ಚಿದ.

“ಉಪ್ಪಿನ ಚಾ ಏನ್ ದೊಡ್ಡದವಾ? ನಾನು ಎಂತೆಂಥಾ ಚಾ ನೋಡೇನಿ. ರಷ್ಯಾದವರು ಬಂದಿದ್ರು. ಹಾಲು ಬ್ಯಾಡ, ಜಾಮ್ ತಾ ಅಂದ್ರು. ನಾನು ಬ್ರೆಡ್ಡಿಗಿ ಅಂತ ತಿಳಕೊಂಡೆ. ಒಂದ ಚಮಚ ಜಾಮ್ ಬಾಯಾಗ ಇಟಗೊಂಡು ಮ್ಯಾಲ ಕರೇ ಚಾ ಕುಡದ್ರು!”

“ಜಾಮ್? ಮಕ್ಕಳು ಚಪಾತಿಗಿ ಹಚ್ಚಿ ತಿನ್ನೂದು?” ಎಂದಳು ಅವ್ವ.

“ಅದ. ಮೊರೊಕ್ಕೊ ದೇಶದಾಂವ ಒಬ್ಬ ಬಂದಿದ್ದ. ದಾಂಡೇಲಿ ಪ್ಯಾಟಿ ಎಲ್ಲಾ ತಿರುಗಿಸಿ ಪುದೀನ ತಗೊಂಡ. ಕೆಟಲ್ ತಲಿ ಮ್ಯಾಲಿಂದ ಎತ್ತಿ ಇಷ್ಟ ಸಣ್ಣ ಗ್ಲಾಸಿಗಿ ಸುರದ ನೋಡು, ಬುರುಗು ಬಂತು, ಒಂದ ಹನಿ ಹೊರಗ ಬೀಳಲಿಲ್ಲ. ಮತ್ತ ಇಂಗ್ಲೆಂಡಿನ ಗಂಡಾ ಹೆಂಡ್ತಿ. ಹಾಲು ಮೊದಲ ಹಾಕ್ಬೇಕೋ ಚಾ ಮೊದಲ ಹಾಕ್ಬೇಕೋ ಅಂತ ಜಗಳ. ಗಣೇಶಗುಡಿಯಿಂದ ದಾಂಡೇಲಿಮಟ ಇಬ್ಬರೂ ಮಾತಾಡಲಿಲ್ಲ.”

ಮೋಮೋಲಾ ಹಿಂದಿನ ಸೀಟಿನಿಂದ ಮುಂದೆ ಬಾಗಿ ಕೇಳುತ್ತಿದ್ದರು. “ಹುಬ್ಬಳ್ಳ್ಯಾಗ ನಮ್ಮ ಬಾಜೂಕ ಕಾಶ್ಮೀರದವರು ಶಾಲು ಮಾರ್ತಿದ್ರು. ಅವರೂ ಚಾಕ್ಕ ಉಪ್ಪ ಹಾಕವರು. ಗುಲಾಬಿ ಬಣ್ಣದ ಚಾ. ಅವರು ಕೊಟ್ಟಾಗ ನನಗ ಮನ್ಯಾಗ ಕುಂತಂಗ ಆಗ್ತಿತ್ತು” ಎಂದರು.

“ಇನ್ನೊಬ್ಬಾಕಿ ಜಪಾನಿನ ಅಜ್ಜಿ” ಎಂದ ಅಣ್ಣ, ಎದುರು ಬಂದ ಲಾರಿಗೆ ದಾರಿ ಬಿಟ್ಟು. “ಹಸರ ಪುಡಿ ಬಟ್ಟಲದಾಗ ಹಾಕಿ, ಬಿಸಿನೀರು ಸುರದು, ಬಿದರಿನ ಒಂದ ಸಣ್ಣ ಕಡಗೋಲಿಂದ ಗರಗರ ತಿರುವಿದ್ಲು. ಆಮ್ಯಾಲ ಬಟ್ಟಲ ಎರಡೂ ಕೈಯಾಗ ಹಿಡದು, ನಮಸ್ಕಾರ ಮಾಡಿ ಕುಡದ್ಲು. ಜೀಪಿನ ಬಾನೆಟ್ ಮ್ಯಾಲ ಇಟಗೊಂಡ ಮಾಡಿದ್ಲು ಅದನ್ನೆಲ್ಲಾ!”

ಅವ್ವ ಅವನ ಹೆಗಲಿಗೆ ಹೊಡೆದಳು. “ಬಿದರಿನ ಕಡಗೋಲ? ಅಂದ್ರ ಅವರೂ ಚಾ ಕಡೀತಾರ! ಕೇಳಿದ್ರೇನಕ್ಕಾರ? ಇಷ್ಟ ದಿನ ಕಡೀಲಾರದ ಕುಡದವರು ನಾವ ಅಷ್ಟ ಅನ್ನಂಗ ಆತು!”

ದಾಂಡೇಲಿ ದಾಟಿ ಕಾಡಿನ ದಾರಿ ಹಿಡಿದೆವು. ಜಗತ್ತಿನ ಅಷ್ಟೂ ಬಟ್ಟಲುಗಳು ಆ ಜೀಪಿನೊಳಗೆ ಕಿಣಿಕಿಣಿ ಎನ್ನುತ್ತಿದ್ದವು ಅನ್ನಿಸುವಷ್ಟು ಗದ್ದಲ. ನಾನು ಪಾಠದ ಪುಸ್ತಕದಲ್ಲಿ ಎಷ್ಟೋ ದೇಶಗಳ ಹೆಸರು ಹೇಳಿಕೊಟ್ಟಿದ್ದೆ. ಆ ದೇಶಗಳವರು ಬೆಳಿಗ್ಗೆ ಎದ್ದು ಏನು ಕುಡಿಯುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕಾಕಾನ ಮನೆ ಜೋಯಿಡಾದಿಂದ ಒಳಗೆ, ಮಣ್ಣಿನ ದಾರಿ ಮುಗಿಯುವಲ್ಲಿ. ಅಂಗಳ ಸಾರಿಸಿತ್ತು. ಕಾಕು “ಯೆಯಾ ಯೆಯಾ, ಬಸಾ!” ಎಂದು ಕೊಂಕಣಿಯಲ್ಲಿ ಕರೆದು, ಕೂರಲು ಚಾಪೆ ಹಾಸಿದಳು. ಬಂದ ಕಾರಣ ಹೇಳುವ ಮೊದಲೇ ಚಹಾ ಬಂತು. ಅವರದು ಕೋರಾ ಚಾ. ಹಾಲಿಲ್ಲ, ಸಕ್ಕರೆಯಿಲ್ಲ, ಕಪ್ಪಗೆ ಕುದಿಸಿದ್ದು. ಜೊತೆಗೆ ಅಂಗೈಯಲ್ಲಿ ಒಂದೊಂದು ಬೆಲ್ಲದ ತುಂಡು. ಬೆಲ್ಲ ಕಚ್ಚಬೇಕು, ಚಹಾ ಕುಡಿಯಬೇಕು.

“ಮನಿಯಾಗ ಎಮ್ಮಿ ಇದ್ರೂ ಹಾಲು ಹಾಕೂದಿಲ್ಲ ನೋಡ್ರಿ ಇವರು” ಎಂದು ಅವ್ವ ಮೋಮೋಲಾರಿಗೆ ದೂರು ಹೇಳಿದಳು.

“ಹಾಲು ಹಾಕಿದ್ರ ಚಾದ ರುಚಿ ಖೈಂ ಹೋಯ್ತು?” ಎಂದಳು ಕಾಕು, ಅವಳ ಕೊಂಕಣಿ ಬೆರೆತ ಕನ್ನಡದಲ್ಲಿ. ಖೈಂ ಎಂದರೆ ಎಲ್ಲಿ. ಮೋಮೋಲಾ ಬೆಲ್ಲವನ್ನು ಪಕ್ಕಕ್ಕಿಟ್ಟು, ಚೀಲದಿಂದ ಚಿಟಿಕೆ ಉಪ್ಪು ತೆಗೆದು ಲೋಟಕ್ಕೆ ಹಾಕಿಕೊಂಡರು. ಕಾಕು ಬಾಯಿ ತೆರೆದುಕೊಂಡು ನೋಡಿದಳು.

ಕಾಕಾ ಹಳೆಯ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ತುದಿಯಲ್ಲಿ ತೂತುಗಳಿದ್ದ ದುಂಡನೆಯ ಬಿಲ್ಲೆ. ಮೋಮೋಲಾ ಎದ್ದು ನಿಂತು, ಇಲ್ಲದ ಕೊಳವೆಯನ್ನು ಕಾಲ ಬಳಿ ಇಟ್ಟುಕೊಂಡಂತೆ ಮಾಡಿ, ಕೋಲನ್ನು ಮೇಲೆ ಕೆಳಗೆ ಎಳೆದು ತೋರಿಸಿದರು. “ಪ್ಸೂಪ್... ಪ್ಸೂಪ್... ಹಿಂಗ ಸಪ್ಪಳಾ ಬರ್ಬೇಕು.”

“ನನಗ ಬುಟ್ಟಿ ಗೊತ್ತು, ಮೊರ ಗೊತ್ತು” ಎಂದ ಕಾಕಾ. “ಇದು ನಾನು ಮಾಡಿದ್ದಿಲ್ಲ. ಆದ್ರೂ ನೋಡುವಾ.” ಅವನ ಕಣ್ಣು ಆಗಲೇ ಮನೆ ಹಿಂದಿನ ಬಿದಿರು ಮೆಳೆಯ ಕಡೆ ಹೋಗಿತ್ತು.

ನಾವೆಲ್ಲ ಹಿಂದೆಯೇ ಹೋದೆವು. ಬುಡದ ಕಡೆಯ ದಪ್ಪ ಬಿದಿರೊಂದನ್ನು ಆರಿಸಿ, ಗೆಣ್ಣಿನ ಕೆಳಗೆ ಕತ್ತರಿಸಿದ. ಗೆಣ್ಣೇ ತಳವಾಯಿತು. ಅಂಚು ನುಣುಪು ಮಾಡಿದ, ಕೋಲಿನ ಬಿಲ್ಲೆಯನ್ನು ಕೆತ್ತಿ ಅಳತೆಗೆ ತಂದ, ಹೊರಗಿನಿಂದ ಬೆತ್ತದ ಕಟ್ಟು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹಸಿರು ಬಣ್ಣದ ಹೊಚ್ಚಹೊಸ ದೋಂಗ್ಮೋ ಅಂಗಳದಲ್ಲಿ ನಿಂತಿತ್ತು. ಕಾಕುವಿನ ಒಲೆಯ ಮೇಲೆ ಮೋಮೋಲಾ ಚಹಾ ಕುದಿಸಿ ತಂದರು. ಬೆಣ್ಣೆ, ಉಪ್ಪು, ಹಾಲು, ಎಲ್ಲ ಒಳಗೆ ಹೋಯಿತು.

“ನಾ ಕಡೀತೇನಿ” ಎಂದು ಅಣ್ಣ ಮುಂದೆ ಬಂದ. ಟ್ಯೂಬಿಗೆ ಗಾಳಿ ಹೊಡೆಯುವವನಂತೆ ಕಾಲು ಅಗಲಿಸಿ ನಿಂತು ಜಗ್ಗಿ ಒತ್ತಿದ. “ಹಗೂರ, ಹಗೂರ!” ಎಂದು ಮೋಮೋಲಾ ಕೂಗುವುದರೊಳಗೆ ಫಟ್ ಎಂದಿತು. ತಳ ಒಡೆದು ಅಷ್ಟೂ ಚಹಾ ಅಂಗಳಕ್ಕೆ ಹರಿಯಿತು. ಅಣ್ಣ ಬಿಸಿಗೆ ಕುಣಿಯತೊಡಗಿದ. ಬೆಣ್ಣೆಯ ವಾಸನೆಗೆ ಕೋಳಿಗಳು ಓಡಿ ಬಂದವು.

ಅವ್ವನ ಮುಖ ಕಪ್ಪಿಟ್ಟಿತು. ಇಷ್ಟು ದೂರ ಎಲ್ಲರನ್ನೂ ಎಳೆದು ತಂದವಳು ಅವಳೇ. ಅಣ್ಣ ತಲೆ ಕೆರೆದುಕೊಂಡ. ಕಾಕಾ ಒಡೆದ ತಳವನ್ನು ಬೆರಳಿನಿಂದ ಒತ್ತಿ, “ಹಸಿ ಬಿದಿರು. ಗೆಣ್ಣು ಇನ್ನೂ ಎಳೇದು” ಎಂದ. ಒಣಗಿಸಿ ಮಾಡಬೇಕೆಂದರೆ ತಿಂಗಳುಗಟ್ಟಲೆ ಬೇಕು. ಮೋಮೋಲಾ ಮಾತ್ರ, “ಇರ್ಲಿ ಬಿಡ್ರಿ, ಇಷ್ಟ ಮಾಡಿದ್ರಲ್ಲಾ, ಅದ ದೊಡ್ಡದು” ಎಂದು ಕೋಲನ್ನು ಒರೆಸಿ ಚೀಲಕ್ಕೆ ಹಾಕತೊಡಗಿದರು.

ಅಷ್ಟರಲ್ಲಿ ಒಳಗಿನಿಂದ ಏನೋ ದಡಬಡ ಸದ್ದು. ಕಾಕು ಯಾವಾಗ ಎದ್ದು ಹೋಗಿದ್ದಳೋ ಯಾರೂ ನೋಡಿರಲಿಲ್ಲ. ಸೆರಗಿಗೆ ಮಸಿ ಮೆತ್ತಿಕೊಂಡು ಹೊರಗೆ ಬಂದಳು. ಕಂಕುಳಲ್ಲಿ ಕಪ್ಪಗೆ ಹೊಳೆಯುವ ದಪ್ಪ ಬಿದಿರಿನ ಕೊಳವೆ. ಒಲೆಯ ಮೇಲಿನ ಅಟ್ಟದಲ್ಲಿ ಸವತೆ, ಕುಂಬಳದ ಬೀಜ ತುಂಬಿಡಲು ಅವಳ ಅತ್ತೆಯ ಕಾಲದಿಂದ ಇದ್ದದ್ದು. ಹೊಗೆ ಕುಡಿದು ಕುಡಿದು ಕಬ್ಬಿಣವಾಗಿತ್ತು.

“ಹೆಂ ಪಳೆ” ಎಂದಳು ಗಂಡನಿಗೆ. ಇದನ್ನು ನೋಡು.

“ಬೀಜ?” ಎಂದ ಕಾಕಾ.

“ಬೀಜಕ್ಕ ಡಬ್ಬಿ ಸಾಕು. ಅಕ್ಕನ ಹಬ್ಬ ನಿಲ್ತದಾ ಅದಕ್ಕ?” ಎಂದು ಬೀಜಗಳನ್ನೆಲ್ಲ ಮೊರಕ್ಕೆ ಸುರುವಿಬಿಟ್ಟಳು.

ಕುದಿನೀರು ಹಾಕಿ ತೊಳೆದದ್ದೇ ತೊಳೆದದ್ದು. ಕಾಕಾ ತಳಕ್ಕೆ ಒಂದು ಮರದ ಬಿಲ್ಲೆ ಕೂರಿಸಿ, ಕೋಲಿನ ಬಿಲ್ಲೆಯನ್ನು ಇನ್ನಷ್ಟು ಕೆತ್ತಿದ. ಮೋಮೋಲಾ ಮತ್ತೆ ಚಹಾ ಕುದಿಸಿದರು. ಈ ಸಲ ಅಣ್ಣನನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಮೋಮೋಲಾ ತಾವೇ ಕೊಳವೆಯ ಮುಂದೆ ನಿಂತು, ತೋಳಿನ ಬಟ್ಟೆ ಮಡಚಿಕೊಂಡು, ಕೋಲು ಎತ್ತಿ ಇಳಿಸಿದರು.

ಪ್ಸೂಪ್.

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಪ್ಸೂಪ್. ಪ್ಸೂಪ್. ತಳ ನಿಂತಿತು. ಒಂದು ಹನಿಯೂ ಸೋರಲಿಲ್ಲ. ಸದ್ದು ದಟ್ಟವಾಗುತ್ತಾ ಹೋಯಿತು, ಮೋಮೋಲಾ ಉಸಿರು ಬಿಡುತ್ತಾ ನಗುತ್ತಾ ಕಡೆಯುತ್ತಲೇ ಇದ್ದರು. ಅಣ್ಣ ಸಿಳ್ಳೆ ಹೊಡೆದ. ನಾನು, ಮಕ್ಕಳಿಗೆ ಶಿಸ್ತು ಕಲಿಸುವವಳು, ಅಂಗಳದಲ್ಲಿ ಜಿಗಿದೆ.

ಬಗ್ಗಿಸಿ ಲೋಟಗಳಿಗೆ ಸುರಿದಾಗ ಮೇಲೆ ಬಂಗಾರದ ಬಣ್ಣದ ನೊರೆ. ಮೊದಲ ಗುಟುಕು ಮೋಮೋಲಾರದು. ಕುಡಿದವರು ಹಾಗೇ ನಿಂತರು. ಲೋಟವನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದರು. ಕಣ್ಣು ತುಂಬಿತ್ತು.

“ಏನಾತು ಅಕ್ಕಾರ? ಕೆಟ್ಟೈತೇನ್ರಿ?” ಅವ್ವ ಗಾಬರಿಯಾದಳು.

“ಹೊಗಿ ವಾಸನಿ” ಎಂದರು ಮೋಮೋಲಾ. “ಡೇರೆದೊಳಗ ನಮ್ಮವ್ವ ಮಾಡೂ ಚಾದಾಗ ಹೊಗಿ ವಾಸನಿ ಇರ್ತಿತ್ತು. ಆವಾಗ ನಾ ಇಷ್ಟ ಇದ್ದೆ” ಎಂದು ಸೊಂಟದ ಬಳಿ ಕೈ ಹಿಡಿದು ತೋರಿಸಿದರು. “ಈ ದೇಶಕ್ಕ ಬಂದ ಮ್ಯಾಲ ಈ ರುಚಿ ಸಿಕ್ಕಿದ್ದಿಲ್ಲ. ನಾನು ಮರತಽ ಬಿಟ್ಟಿದ್ದೆ, ನೋಡ್ರಿ.” ಅಳುತ್ತಲೇ ನಕ್ಕರು. ಕಾಕು ಹೋಗಿ ಅವರ ಬೆನ್ನು ಸವರಿದಳು.

ಆಮೇಲೆ ಕಾಕು ಕುಡಿದಳು. ಬಾಯಿ ಚಪ್ಪರಿಸಿದಳು, ಯೋಚಿಸಿದಳು, ಘೋಷಿಸಿದಳು: “ಹೆಂ ಚಾ ನ್ಹಯ್. ಇದು ಪೇಜ!” ಇದು ಚಹಾ ಅಲ್ಲವಂತೆ, ಪೇಜವಂತೆ. ಪೇಜ ಎಂದರೆ ಅವರ ಗಂಜಿ. ದಿನಾ ಉಪ್ಪು ಹಾಕಿ ಬಿಸಿಬಿಸಿ ಗಂಜಿ ಕುಡಿಯುವ ಆ ಮನೆಗೆ ಉಪ್ಪಿನ ಚಹಾ ಹೊಸದೇ ಆಗಲಿಲ್ಲ. ಲೋಟ ಮುಂದೆ ಚಾಚಿ ಇನ್ನೊಮ್ಮೆ ಹಾಕಿಸಿಕೊಂಡಳು. ಕಾಕಾ ಮಾತ್ರ ಒಂದು ಕೈಯಲ್ಲಿ ಬೆಣ್ಣೆ ಚಹಾ, ಇನ್ನೊಂದು ಕೈಯಲ್ಲಿ ಬೆಲ್ಲ ಹಿಡಿದು ಎರಡನ್ನೂ ಸೇರಿಸುವುದೋ ಬೇಡವೋ ಎಂದು ಕೂತಿದ್ದ.

ಲೋಸಾರ್ ದಿನ ಬೆಳಿಗ್ಗೆ ರಸ್ತೆಯ ಈಚೆ ಮಲಗಿದ್ದ ನನಗೆ ಆ ಸದ್ದಿಗೇ ಎಚ್ಚರವಾಯಿತು. ಓಡಿಹೋದೆ. ಮೋಮೋಲಾ ಹೊಸ ಉಡುಪು ಉಟ್ಟು ಕಡೆಯುತ್ತಿದ್ದರು. ಹಿಂದಿನ ಸಂಜೆಯೇ ಬಂದಿದ್ದ ಅವ್ವ ಇಳಕಲ್ ಸೀರೆ ಉಟ್ಟು ಪಕ್ಕದಲ್ಲಿ ನಿಂತು ತನ್ನ ಸರದಿಗೆ ಕಾಯುತ್ತಿದ್ದಳು. ಅಣ್ಣ ಕಾಕಾ ಕಾಕುವನ್ನು ಜೀಪಿನಲ್ಲಿ ಕರೆತಂದ. ನೆರೆಮನೆಯ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ಕಪ್ಪು ಬಿದಿರನ್ನು ಮುಟ್ಟಿ ನೋಡಿದರು, ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಚರ್ಚೆ ಮಾಡಿದರು, ಕೊನೆಗೆ ಕಾಕಾನನ್ನು ಸುತ್ತುವರಿದರು. ಎಲ್ಲರಿಗೂ ಒಂದೊಂದು ಬೇಕು.

“ಹೊಗೆ ಹತ್ತಬೇಕಲ್ಲ!” ಎಂದು ಕಾಕಾ ಗಾಬರಿಯಿಂದ ನಕ್ಕ. “ಮುಂದಿನ ಹಬ್ಬಕ್ಕೆ ಮಾಡುವಾ. ಈ ವರ್ಷ ನಮ್ಮ ಅಟ್ಟದ ತುಂಬಾ ಬಿದಿರೇ.”

ಮೋಮೋಲಾ ಕಾಕಾ ಕಾಕು ಇಬ್ಬರ ಕೊರಳಿಗೂ ಗೌರವದ ಬಿಳಿಯ ರೇಷ್ಮೆಯ ಪಟ್ಟಿ ಹಾಕಿ, ಒಂದು ಇಡೀ ಚಹಾಗಟ್ಟಿಯನ್ನು ಕಾಕುವಿನ ಕೈಗಿತ್ತರು. ಹೇಗೆ ಮುರಿಯಬೇಕು, ಎಷ್ಟು ಹೊತ್ತು ಕುದಿಸಬೇಕು, ಉಪ್ಪು ಎಷ್ಟು ಎಂದೆಲ್ಲ ಹೇಳಿಕೊಟ್ಟರು. ಕಾಕು ಶ್ರದ್ಧೆಯಿಂದ ತಲೆಯಾಡಿಸಿದಳು.

ಕೆಲವು ದಿನ ಕಳೆದ ಮೇಲೆ ಅವಳ ಫೋನು ಬಂತು. ನಾನಾಗ ಮೋಮೋಲಾರ ಮನೆಯಲ್ಲೇ ಇದ್ದೆ. ಮಾತು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ಅಕ್ಕಾಗ ಸಾಂಗ್, ಅಕ್ಕಗ ಹೇಳು” ಎಂದಳು ಕಾಕು ಹಿಗ್ಗಿನಿಂದ. “ಅವರ ಚಾ ಕುದಿಸಿದೆ. ದೊಡ್ಡ ಬೆಲ್ಲದ ಹೆಂಟಿ ಹಾಕಿದೆ. ಏಲಕ್ಕಿನೂ ಹಾಕಿದೆ. ಭಾರಿ ಚಲೋ ಆತು! ಊರವರೆಲ್ಲಾ ಕುಡಿದ್ರು!”

ಮೋಮೋಲಾ ಕಣ್ಣು ದೊಡ್ಡದು ಮಾಡಿ ಫೋನನ್ನೇ ನೋಡಿದರು. “ಬೆಲ್ಲ? ನಮ್ಮ ಚಾದಾಗ?” ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದಳು. ಮೋಮೋಲಾ ಜಪಮಾಲೆಯನ್ನು ಮೊಣಕೈಗೆ ಏರಿಸಿಕೊಂಡು ಎದ್ದರು, ನೇರ ಅಡುಗೆಮನೆಗೆ ಹೋಗಿ ಚಹಾಗಟ್ಟಿಯಿಂದ ಒಂದು ಚೂರು ಮುರಿದರು.

“ಅಕ್ಕೋರ” ಎಂದು ಒಳಗಿನಿಂದ ಕೂಗಿದರು. “ನಿಮ್ಮ ಮನ್ಯಾಗ ಬೆಲ್ಲ ಐತೇನು? ತರ್ರಿ, ನೋಡೇಬಿಡೂಣು!”